ಗಾಯವೋ, ಗಾಯಗೊಂಡವರೋ?

ಮನಸ್ಸು ಕಲಕುವ ಸಿನಿಮಾದಲ್ಲಿ ಎಷ್ಟು ರಕ್ತ ಹರಿಯಿತು ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಕ್ಯಾಮೆರಾ ಯಾರ ಪಕ್ಕ ನಿಂತಿತ್ತು ಎಂದು ಕೇಳಬೇಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡಿ. ಗರ್ಭಿಣಿಯಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ, ತಲೆ ಬೋಳಿಸಿ, ಊರು ಕೈತೊಳೆದುಕೊಳ್ಳುತ್ತದೆ. ಅದನ್ನೆಲ್ಲ ನಾವು ಕಾಣುವುದು ವೇದ ಕಲಿಯಲು ಬಂದ ಪುಟ್ಟ ನಾಣಿಯ ಜೊತೆ ನಿಂತು. ಅವನಿಗೆ ಪೂರ್ತಿ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ. ಸಂಕಟ ಹುಟ್ಟುವುದು ಆ ಅಂತರದಲ್ಲೇ. ಜಪಾನಿನ ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ (1988) ಕೂಡ ಯುದ್ಧದ ಕಥೆಯಾದರೂ ರಣರಂಗಕ್ಕೆ ಹೋಗದೆ, ಹಸಿದ ಅಣ್ಣ-ತಂಗಿಯ ಬಳಿ ಕೂರುತ್ತದೆ. ಅಣ್ಣನ ಸಾವು ಆರಂಭದಲ್ಲೇ ತಿಳಿದುಬಿಡುವುದರಿಂದ, ಮುಂದೇನು ಎಂಬ ಕುತೂಹಲ ಹೋಗಿ ಹೇಗೆ ಹೀಗಾಯಿತು ಎಂಬ ಪ್ರಶ್ನೆ ಉಳಿಯುತ್ತದೆ.

‘ದಿನಬೆಳಗಾದರೆ ಇರುವ ಗೋಳು ಸಾಲದೆಂದು ದುಡ್ಡು ಕೊಟ್ಟು ಅಳಬೇಕೆ?’ ಎನ್ನುವವರಿದ್ದಾರೆ. ಮಾತು ನ್ಯಾಯವೇ. ದಣಿದ ಮನಸ್ಸಿಗೆ ನಗು ಬೇಕು. ನೋಡದೆ ಬಿಡುವುದು ಹೇಡಿತನವಲ್ಲ. ಆದರೆ ನಾಟ್ಯಶಾಸ್ತ್ರಕಾರ ಭರತ ಹೇಳಿದ ಎಂಟು ರಸಗಳಲ್ಲಿ ಹಾಸ್ಯದ ಜೊತೆ ಕರುಣ, ಭಯಾನಕ, ಬೀಭತ್ಸಗಳಿಗೂ ಜಾಗವಿದೆ. ಸ್ವಂತ ದುಃಖ ನಮ್ಮನ್ನು ನಮ್ಮೊಳಗೇ ಮುದುಡಿಸುತ್ತದೆ. ಕಲೆಯ ದುಃಖ ಇನ್ನೊಬ್ಬರ ಕಡೆ ತಿರುಗಿಸುತ್ತದೆ. ಹಾಗೆಂದು ಬೆಚ್ಚಿಬೀಳಿಸಿದ್ದೆಲ್ಲ ದೊಡ್ಡ ಕಲೆಯಲ್ಲ. ಅತ್ಯಾಚಾರವನ್ನೋ ಕೊಲೆಯನ್ನೋ ಸ್ಲೋ ಮೋಷನ್ನಿನಲ್ಲಿ, ಅಬ್ಬರದ ಸಂಗೀತ ಹಚ್ಚಿ ತೋರಿಸಿದರೆ ನೋವುಂಡವರು ಮರೆಯಾಗಿ ತಮಾಷೆಯಷ್ಟೇ ಉಳಿಯುತ್ತದೆ. ಸಿನಿಮಾ ಮುಗಿದ ಮೇಲೆ ನೆನಪಲ್ಲಿ ನಿಂತದ್ದು ಗಾಯವೋ, ಗಾಯಗೊಂಡವರೋ? ಬರೀ ಗಾಯವಾದರೆ ಅದು ವ್ಯಾಪಾರ.