ಮೋಡವೋ, ದೂಳೋ?

ದೌಂಡ ಜಂಕ್ಷನ್. ಉದ್ಯಾನ್ ಎಕ್ಸ್‌ಪ್ರೆಸ್ ನಿಂತಿದೆ. ರೈಲ್ವೆಯವರೊಬ್ಬರು ಬಗ್ಗಿ ಬಗ್ಗಿ ನಡೆಯುತ್ತ ಪ್ರತಿ ಆಕ್ಸಲ್ ಬಾಕ್ಸಿಗೂ ಪಿಸ್ತೂಲಿನಂಥ ಥರ್ಮಾಮೀಟರ್ ಗುರಿಯಿಡುತ್ತಿದ್ದಾರೆ. ಬೇರಿಂಗ್ ಕೆಟ್ಟರೆ ಬಿಸಿಯಾಗುತ್ತದೆ. ಇಲ್ಲಿ ಕಾವು ಹೆಚ್ಚಿದರೆ ರೋಗ. ಇಷ್ಟು ಸರಿ.

ಇದೇ ರೈಲು ಅನಂತಪುರದ ಮೇಲೂ ಹೋಗುತ್ತದೆ. ಬಳ್ಳಾರಿಗೆ ಅಂಟಿಕೊಂಡ ಆ ಜಿಲ್ಲೆಯಲ್ಲಿ 2014ರಲ್ಲಿ ಮೇಘಾ ಕಂಪನಿಯ 50 ಮೆಗಾವ್ಯಾಟ್ ಸೌರ ಉಷ್ಣ ಸ್ಥಾವರ ಶುರುವಾಯಿತು. ಮನೆಯ ಮಾಳಿಗೆ ಮೇಲಿನ ಪ್ಯಾನೆಲ್ ಅಲ್ಲ. ಬಾಗಿದ ಕನ್ನಡಿಗಳ ಉದ್ದುದ್ದ ಸಾಲು, ಅವುಗಳ ಮುಂದೆ ಕೊಳವೆ, ಒಳಗೆ ಎಣ್ಣೆ. ಇಂಥ ಕಡೆ ಎಣ್ಣೆ ಸುಮಾರು 290 ಡಿಗ್ರಿಯಲ್ಲಿ ಹೊಕ್ಕು 390ರಲ್ಲಿ ಹೊರಬೀಳುತ್ತದೆ. ಆ ಕಾವಿಗೆ ಹಬೆ, ಹಬೆಗೆ ಟರ್ಬೈನ್.

ಇಲ್ಲಿ ಕಾವು ತಗ್ಗಿದರೆ ರೋಗ! ಆದರೆ ಯಾವ ರೋಗ? ಮೋಡ ಹಾದಿರಬಹುದು, ಕನ್ನಡಿಗೆ ದೂಳು ಕೂತಿರಬಹುದು, ಎಣ್ಣೆಯ ಹರಿವು ಏರುಪೇರಾಗಿರಬಹುದು.

ಕಾವು ಸೋರುವ ಇನ್ನೊಂದು ಕಳ್ಳದಾರಿಯೂ ಇದೆ. ಉಕ್ಕಿನ ಕೊಳವೆಗೆ ಗಾಜಿನ ಕವಚ, ಎರಡರ ನಡುವೆ ನಿರ್ವಾತ. ವರ್ಷಗಟ್ಟಲೆ ಕಾದ ಎಣ್ಣೆ ಸ್ವಲ್ಪಸ್ವಲ್ಪವೇ ಒಡೆದು ಹೈಡ್ರೋಜನ್ ಬಿಡುತ್ತದೆ. ಅದು ಗಟ್ಟಿ ಉಕ್ಕನ್ನೇ ತೂರಿ ನಿರ್ವಾತಕ್ಕೆ ಸೇರಿ, ಕಾವನ್ನು ಗಾಜಿಗೆ ದಾಟಿಸುತ್ತದೆ. ಎಣ್ಣೆ ತಣಿಯುತ್ತದೆ, ಗಾಜು ಸುಡುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಕಟ್ಟಿದ ಡ್ರೋನ್ ಹಾರಿಸಿದರೆ ಆ ಗಾಜು ಎದ್ದು ಕಾಣುತ್ತದೆ. ಹೀಗಿದ್ದೂ ದೋಷ ಹುಡುಕಲು ಮಷಿನ್ ಲರ್ನಿಂಗ್, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್, ಬಳಸುವವರಿದ್ದಾರೆ. ಅದು ಯಾಕೆ ಬೇಕೋ! ಬಹುಶಃ ದಿನಾ ಡ್ರೋನ್ ಹಾರಿಸಲಾಗದ್ದಕ್ಕೆ.

ಸ್ಪೇನಿನ ಸೆವಿಲ್ಲೆ ವಿಶ್ವವಿದ್ಯಾಲಯದ ಕಮಾಚೊ ಎಂಬವರ ತಂಡ ಹಿಡಿದದ್ದು ಈ ಕಲಿಯುವ ಯಂತ್ರದ ದಾರಿ. ಬಿಸಿಲು, ಹರಿವು, ತಾಪದ ಅಂಕಿಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಉಣಿಸಿ, ದೋಷ ಕನ್ನಡಿಯದೋ ಹರಿವಿನದೋ ಕಾವು ಸೋರಿದ್ದೋ ಎಂದು ಕೇಳುವುದು. ಅನುಮಾನ ಉಳಿದರೆ ಕನ್ನಡಿಯನ್ನೇ ಬಿಸಿಲಿನಿಂದ ಆಚೆ ತಿರುಗಿಸುವುದು. ಬಿಸಿಲೇ ಬೀಳದಿದ್ದಾಗ ಎಣ್ಣೆ ಕಳೆದುಕೊಳ್ಳುವ ಕಾವಿಗೆ ದೂಳನ್ನು ದೂರುವಂತಿಲ್ಲ. ಈ ಉಪಾಯ ನನಗೆ ಕಂಪ್ಯೂಟರಿಗಿಂತ ಹೆಚ್ಚು ಹಿಡಿಸಿತು.

ಗೊಂದಲ ಉಳಿದದ್ದು ಆ ಯಂತ್ರದ ಕಲಿಕೆಯಲ್ಲೇ. ಚೆನ್ನಾಗಿ ನಡೆಯುವ ಸ್ಥಾವರದಲ್ಲಿ ದೋಷದ ಉದಾಹರಣೆ ಎಲ್ಲಿಂದ ತರುವುದು? ಗಣಿತದ ಮಾದರಿಯೊಳಗೆ ಬೇಕೆಂದೇ ಕೆಡಿಸಿ ಕಲಿಸುತ್ತಾರೆ. ನಿಜವಾದ ಕೇಡು ಆ ಪಾಠದಂತೆಯೇ ಬರುತ್ತದೆಯೇ?

ಇನ್ನೊಂದು: ಬೇಸಿಗೆಯ ಗಾಳಿಗೆ ಎಲ್ಲ ಸಾಲಿಗೂ ಒಂದೇ ಸಮ ದೂಳು ಕೂತರೆ, ಸಾಲಿಗೆ ಸಾಲು ಹೋಲಿಸಿ ನೋಡುವ ಯಂತ್ರಕ್ಕೆ ಎಲ್ಲವೂ ಸರಿಯಾಗಿಯೇ ಕಾಣಬೇಕಲ್ಲ? ರಾತ್ರಿ ಒಂದೇ ಒಂದು ಸಾಲು ತೊಳೆದಿಟ್ಟು, ಮರುದಿನ ಮಿಕ್ಕವುಗಳೊಡನೆ ಹೋಲಿಸಿದರೆ ಆದೀತು. ನೀರು ಎಷ್ಟು ಬೇಕು, ಲೆಕ್ಕ ಹಾಕಬೇಕು.