ನದಿಯ ಕೆಳಗಣ ಮಾರಾಟ

ತನ್ನನ್ನು ನಂಬಿದವರ ಹಿತವನ್ನು ಸ್ವಲಾಭಕ್ಕಾಗಿ ಪರರಿಗೆ ಒಪ್ಪಿಸಿಬಿಡುವ ದ್ರೋಹಕ್ಕೆ ಇಂಗ್ಲಿಷಿನ ಆಡುನುಡಿಯಲ್ಲಿ ‘ಸೆಲ್ ಡೌನ್ ದ ರಿವರ್’, ಎಂದರೆ ನದಿಯ ಕೆಳಗಣ ಸೀಮೆಗೆ ಮಾರುವುದು, ಎಂಬ ಮಾತುಂಟು. ಕಾರ್ಮಿಕರ ಕೈಬಿಟ್ಟು ಮಾಲೀಕರೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ ಮುಖಂಡನಿಗೂ, ಮತದಾರರಿಗಿತ್ತ ವಚನವನ್ನು ಮುರಿದ ರಾಜಕಾರಣಿಗೂ ಇಂದು ಸಲೀಸಾಗಿ ಅನ್ವಯಿಸುವ ಈ ನುಡಿಗಟ್ಟು ಹುಟ್ಟಿದುದು ಅಲಂಕಾರವಾಗಿ ಅಲ್ಲ, ಅಕ್ಷರಶಃ ನಡೆದ ಮನುಷ್ಯವಿಕ್ರಯದ ವರ್ಣನೆಯಾಗಿ.

1808ರಲ್ಲಿ ಅಮೆರಿಕವು ಹೊರದೇಶಗಳಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿದ ಮೇಲೆ, ದಕ್ಷಿಣದಲ್ಲಿ ಹತ್ತಿಯ ಬೇಸಾಯವು ಹಬ್ಬಿದಂತೆಲ್ಲ, ಕೆಂಟಕಿ, ಮಿಸೌರಿ ಮೊದಲಾದ ಪ್ರಾಂತಗಳ ಗುಲಾಮರನ್ನು ಒಹಾಯೊ, ಮಿಸಿಸಿಪಿ ನದಿಗಳ ಮಾರ್ಗವಾಗಿ ನ್ಯಾಚೆಜ್, ನ್ಯೂ ಆರ್ಲಿಯನ್ಸ್ ಪೇಟೆಗಳಿಗೆ ಸಾಗಿಸಿ ಮಾರುವ ವ್ಯಾಪಾರವು ಬಲಿಯಿತು. ಅಂತರ್ಯುದ್ಧಕ್ಕೆ ಮುನ್ನ ಈ ವ್ಯಾಪಾರವೂ ಒಡೆಯರ ವಲಸೆಯೂ ಕೂಡಿ ಸುಮಾರು 10 ಲಕ್ಷ ಜನರನ್ನು ದಕ್ಷಿಣಕ್ಕೆ ನೂಕಿದುವು. ತಾಯಿಯಿಂದ ಮಗುವನ್ನೂ ಪತ್ನಿಯಿಂದ ಪತಿಯನ್ನೂ ಅಗಲಿಸಿದ ಆ ಪಯಣದಿಂದ ಹಿಂದಿರುಗುವ ಆಸೆ ಬಹುಮಟ್ಟಿಗೆ ಇರಲಿಲ್ಲ. ಮಗನ ಸಾಲ ತೀರಿಸಲೆಂದು ಮತ್ತೆ ಗುಲಾಮಳಾಗಲು ಒಪ್ಪಿದ ತಾಯಿಯನ್ನು ಆ ಮಗನೇ ಮಾತು ತಪ್ಪಿ ಕೆಳನದಿಗೆ ಮಾರಿಬಿಡುವುದನ್ನು ಮಾರ್ಕ್ ಟ್ವೇನನು 1894ರ ‘ಪಡನ್‌ಹೆಡ್ ವಿಲ್ಸನ್’ ಕಾದಂಬರಿಯಲ್ಲಿ ಚಿತ್ರಿಸಿರುವನು.

ಇಷ್ಟು ಜನರ ಕಣ್ಣೀರನ್ನು ಹೊತ್ತ ಮಾತನ್ನು ಗೆಳೆಯರ ಸಣ್ಣಪುಟ್ಟ ಮನಸ್ತಾಪಗಳಿಗೆ ವ್ಯಯಮಾಡುವುದು ಉಚಿತವಲ್ಲ. ಕಾಯಬೇಕಾದವನೇ ತನ್ನ ಆಶ್ರಯದಲ್ಲಿರುವ ನಿರ್ಬಲನಿಗೆ ಬೆಲೆ ಕಟ್ಟಿ ಕೈಬಿಡುವ ಘೋರದ್ರೋಹಕ್ಕೇ ಅದು ಮೀಸಲಾಗಿರತಕ್ಕದ್ದು.