ತಲೆ ಎಣಿಸುವ ಮೇಷ್ಟ್ರು ಮೈಸೂರು ನೋಡಿದ್ದು

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರಿಗೆ ಊರು ಕಾಣುವುದಿಲ್ಲ, ತಲೆಗಳು ಕಾಣುತ್ತವೆ. ಬಸ್ಸು ಹತ್ತುವಾಗ ಐವತ್ತೆರಡು, ಇಳಿಯುವಾಗ ಐವತ್ತೆರಡು, ಮೃಗಾಲಯದ ಗೇಟಿನಲ್ಲಿ ಐವತ್ತೊಂದು! ಎದೆ ಧಸಕ್ಕೆಂದು ಮತ್ತೆ ಎಣಿಸಿದರೆ, ಬೂಟಿನ ದಾರ ಕಟ್ಟಲು ಬಗ್ಗಿದ್ದ ಒಬ್ಬ ಎದ್ದು ನಿಲ್ಲುತ್ತಾನೆ. ಅಷ್ಟರಲ್ಲಿ ಜಿರಾಫೆ ಹಿಂದೆ ಉಳಿದಿರುತ್ತದೆ.

ಅರಸೀಕೆರೆ ಕಡೆಯ ಒಂದು ಹಳ್ಳಿಯ ಮೇಷ್ಟ್ರು ಹೀಗೆ ಹನ್ನೊಂದು ಸಲ ಮೈಸೂರಿಗೆ ಹೋಗಿ ಬಂದಿದ್ದರು. ನಸುಕಿನ ನಾಲ್ಕಕ್ಕೆ ಊರು ಬಿಡುವುದು, ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಸಂತ ಫಿಲೋಮಿನಾ ಚರ್ಚು, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿ, ಮಧ್ಯರಾತ್ರಿ ದಾಟಿದ ಮೇಲೆ ಮರಳಿ ಊರು. ನಡುವೆ ಬಸ್ಸು ನಿಲ್ಲಿಸಿದ ಮೈದಾನದಲ್ಲೇ ಚಿತ್ರಾನ್ನದ ಡಬರಿ ಇಳಿಸಿ ಊಟ. ಹನ್ನೊಂದು ಸಲವೂ ಇದೇ ಪಟ್ಟಿ. ಅರಮನೆಯ ಒಳಗಂತೂ ಅವರು ಹೋದದ್ದೇ ಇಲ್ಲ. ಜೊತೆಯ ಮೇಡಂ ಮಕ್ಕಳನ್ನು ಒಳಗೆ ಕರೆದೊಯ್ದರೆ, ಹೊರಗೆ ಬರುವ ಬಾಗಿಲಲ್ಲಿ ನಿಂತು ಎಣಿಸಿಕೊಳ್ಳುವುದು ಇವರ ಪಾಲಿನ ಕೆಲಸ.

ಹನ್ನೆರಡನೆಯ ಸಲ ಹೊರಟಾಗ ಎಣಿಸಲು ಇದ್ದದ್ದು ಒಂದೇ ತಲೆ. ಮಗಳಿಗೆ ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಸೀಟು ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಹಾಸ್ಟೆಲ್ ಸೇರಬೇಕು. ಶನಿವಾರವೇ ಹೋಗಿ, ಭಾನುವಾರ ಊರೆಲ್ಲ ತೋರಿಸಿ ಬಿಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟರು. ತೋರಿಸುವುದು ನೆಪ, ಇನ್ನೊಂದು ದಿನ ಜೊತೆಗಿರಬಹುದೆಂಬುದು ನಿಜ. ಅದು ಮನೆಯವರಿಗೂ ಗೊತ್ತಿತ್ತು. ರೈಲು ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ದಾಟುವವರೆಗೂ ಅವರು ಜೇಬಿನ ಪಟ್ಟಿಯನ್ನು ತೆಗೆದು ನೋಡುವುದು, ಮಡಿಸಿ ಇಡುವುದು ಮಾಡುತ್ತಿದ್ದರು.

ಧನ್ವಂತರಿ ರಸ್ತೆಯ ಒಂದು ಲಾಡ್ಜಿನಲ್ಲಿ ರೂಮು ಹಿಡಿದದ್ದಾಯಿತು. ಮಗಳು ಕೇಳಿದಳು: ‘ಅಪ್ಪಾ, ಬೆಳಿಗ್ಗೆ ತಿಂಡಿ ಎಲ್ಲಿ?’

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಹನ್ನೊಂದು ಸಲ ಬಂದ ಊರಿನಲ್ಲಿ ಒಂದು ಸಲವೂ ಹೋಟೆಲಿಗೆ ಕಾಲಿಟ್ಟವರಲ್ಲ. ಲಾಡ್ಜಿನ ಕೌಂಟರಿನಲ್ಲಿದ್ದ ವಯಸ್ಸಾದವರನ್ನು ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು ಸ್ವಾಮಿ?’ ಎಂದು ಕೇಳಿದರು. ಆತ ಕತ್ತೆತ್ತದೆ ಪಕ್ಕದ ಕಟ್ಟಡದತ್ತ ಬೆರಳು ತೋರಿಸಿದ. ಮಗಳು ಮುಂದೆ ಬಂದು, ‘ನೀವು ಭಾನುವಾರ ತಿಂಡಿ ಎಲ್ಲಿ ತಿಂತೀರಿ ಅಂಕಲ್?’ ಎಂದಳು. ಈಗ ಆತ ಕನ್ನಡಕ ತೆಗೆದ, ಪುಸ್ತಕ ಮುಚ್ಚಿದ.

‘ನಜರ್‌ಬಾದಿಗೆ ಹೋಗಿ ಮಗಾ. ಮೈಲಾರಿ ದೋಸೆ. ಬೇಗ ಹೋಗಿ, ತಡವಾದರೆ ಬಾಗಿಲಲ್ಲಿ ಕಾಯಬೇಕು. ಆ ಹೆಸರಲ್ಲಿ ಎರಡು ಅಂಗಡಿ ಇದಾವೆ, ಯಾವುದು ಹಳೇದು ಅಂತ ಯಾರನ್ನೂ ಕೇಳಬೇಡಿ, ದೋಸೆ ಆರಿಹೋಗುತ್ತೆ.’

ಪರ ಊರಿಗೆ ಹೋದವರು ಕಲಿಯಬೇಕಾದ ಮೊದಲ ಪಾಠ ಇದೇ ಇರಬೇಕು. ಒಳ್ಳೆಯದು ಯಾವುದು ಎಂದು ಕೇಳಿದರೆ ಎಲ್ಲರಿಗೂ ಹೇಳುವ ಉತ್ತರ ಸಿಗುತ್ತದೆ. ನೀವು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಊರಿನವರ ಉತ್ತರ ಸಿಗುತ್ತದೆ. ಮೇಷ್ಟ್ರ ಪಟ್ಟಿಯನ್ನೂ ಆತ ಇಸಿದುಕೊಂಡು ನೋಡಿದ. ‘ಇಷ್ಟೂ ಒಂದೇ ದಿನಕ್ಕಾ ಸಾರ್? ಮೂರು ಸಾಕು. ನಾಲ್ಕನೇದು ನೋಡೋ ಹೊತ್ತಿಗೆ ಮೊದಲನೇದು ಮರೆತುಹೋಗುತ್ತೆ. ಮೃಗಾಲಯಕ್ಕೇ ಅರ್ಧ ದಿನ ಬೇಕು, ಬೃಂದಾವನಕ್ಕೆ ಒಂದು ಸಂಜೆ ಪೂರ್ತಿ ಬೇಕು. ಬೆಟ್ಟಕ್ಕೆ ಬಸ್ಸಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳೀರಿ. ಸಂಜೆ ಏಳಕ್ಕೆ ಅರಮನೆ ಮುಂದೆ ಇರಿ. ನಾಳೆ ಭಾನುವಾರ, ದೀಪ ಹಾಕ್ತಾರೆ.’

ಬೆಳಿಗ್ಗೆ ನಜರ್‌ಬಾದಿನ ಸಣ್ಣ ಹೋಟೆಲಿನಲ್ಲಿ, ಪರಿಚಯವಿಲ್ಲದ ಇಬ್ಬರೊಡನೆ ಒಂದೇ ಮೇಜು ಹಂಚಿಕೊಂಡು ಕೂತರು. ಬಂದ ದೋಸೆ ಗರಿಗರಿಯಾಗಿರಲಿಲ್ಲ. ಮಲ್ಲಿಗೆಯಂತೆ ಮೆತ್ತಗೆ, ಮಡಿಸಿದ ಮಡಿಕೆಯೊಳಗೆ ಸಾಗು, ಮೇಲೆ ಕರಗುತ್ತಿದ್ದ ಬೆಣ್ಣೆ. ಒಂದು ದೋಸೆ ಯಾರಿಗೂ ಸಾಲುವುದಿಲ್ಲ. ಮೇಷ್ಟ್ರು ಎರಡು ತಿಂದು ಮೂರನೆಯದಕ್ಕೆ ಮಗಳ ಮುಖ ನೋಡಿದರು. ‘ತಗೋ ಅಪ್ಪಾ, ಅಮ್ಮನಿಗೆ ಹೇಳಲ್ಲ’ ಎಂದಳು.

ಬೆಟ್ಟದ ಬಸ್ಸು ಹತ್ತಿ, ಮೇಲೆ ದೇವಿಯ ದರ್ಶನ ಮುಗಿಸಿ, ಲಾಡ್ಜಿನವರು ಹೇಳಿದಂತೆ ಮೆಟ್ಟಿಲ ದಾರಿ ಹಿಡಿದರು. ಸಾವಿರ ಮೆಟ್ಟಿಲು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿಯೂ ಅವರ ಕಾಲದ್ದೇ. ಇಳಿಯುವವರಿಗೆ ಮುನ್ನೂರು ಮೆಟ್ಟಿಲಾಗುವ ಹೊತ್ತಿಗೆ ಅದು ಸಿಗುತ್ತದೆ. ಮೇಷ್ಟ್ರು ಈ ನಂದಿಯನ್ನು ಹನ್ನೊಂದು ಸಲ ನೋಡಿದ್ದರು, ಆದರೆ ಎಲ್ಲ ಸಲವೂ ಅದರ ಮುಂದೆ ಸಾಲಾಗಿ ನಿಂತ ಮಕ್ಕಳ ಬೆನ್ನಿನ ಮೇಲಿನಿಂದ. ಅದರ ಕೊರಳಿನ ಗಂಟೆಯ ಸರ, ಅದರ ಒಂದೊಂದು ಕುಸುರಿ ಈ ಸಲ ಕಂಡಿತು. ಅಲ್ಲಿಂದ ಕೆಳಗೆ ನಡೆಯುವಾಗ ಊರು ಪೂರ್ತಿ ಕಾಣುತ್ತದೆ: ರೇಸ್ ಕೋರ್ಸಿನ ಹಸಿರು, ಅರಮನೆಯ ಗೋಪುರ, ದೂರಕ್ಕೆ ಚರ್ಚಿನ ಜೋಡಿ ಶಿಖರ. ‘ನಮ್ಮ ಹಾಸ್ಟೆಲ್ ಎಲ್ಲಿರಬಹುದು?’ ಎಂದು ಮಗಳು ಕೈ ಅಡ್ಡ ಹಿಡಿದು ಹುಡುಕಿದಳು. ಮೇಷ್ಟ್ರೂ ಹುಡುಕಿದರು. ಸಿಗಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಅವಳಿರುವ ಜಾಗ ಕಾಣುತ್ತಿಲ್ಲವಲ್ಲ ಎಂಬುದು ಅವರಿಗೆ ಮೆಟ್ಟಿಲು ಮುಗಿಯುವವರೆಗೂ ಕೊರೆಯಿತು.

ಮಧ್ಯಾಹ್ನ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದರೆ ಮೊದಲು ಮೂಗಿಗೆ ಊರು ಸಿಗುತ್ತದೆ, ಆಮೇಲೆ ಕಣ್ಣಿಗೆ. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಗೋಪುರದ ಹಾಗೆ ತೀಡಿದ ಕುಂಕುಮದ ರಾಶಿ. ನೂರು ವರ್ಷ ದಾಟಿದ ಈ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಅದಕ್ಕೂ ಮುಂಚೆ, 2012ರಲ್ಲಿ ಕುಸಿದು ಜೀವಹಾನಿಯಾಗಿತ್ತು. ಹಳೆಯ ಊರೆಂದರೆ ಬರೀ ಚೆಂದವಲ್ಲ, ಅದನ್ನು ಉಳಿಸಿಕೊಳ್ಳುವ ಕಷ್ಟವೂ ಹೌದು.

ಹೂವಿನ ಸಾಲಿನ ಹೆಂಗಸೊಬ್ಬಳು ಮಗಳ ಜಡೆ ನೋಡಿ, ‘ಒಂದು ಮೊಳ ಮುಡ್ಕೊಳವ್ವ’ ಎಂದಳು. ಹಾಸ್ಟೆಲಿಗೆ ಬಂದವಳೆಂದು ತಿಳಿದ ಮೇಲೆ ಮೊಳದ ಮೇಲೆ ಇನ್ನೊಂದು ಗೇಣು ಸೇರಿಸಿದಳು. ‘ಹಬ್ಬಕ್ಕೆ ಊರಿಗೆ ಹೋಗಕ್ಕಾಗ್ದಿದ್ರೆ ಇಲ್ಲಿಗೆ ಬಾ, ಹೂವಿಗೆ ಕಾಸು ಬೇಡ.’ ಮೇಷ್ಟ್ರು ಆ ಅಂಗಡಿ ಎಡಗಡೆಯಿಂದ ಎಷ್ಟನೆಯದೆಂದು ಮನಸ್ಸಿನಲ್ಲೇ ಎಣಿಸಿಟ್ಟುಕೊಂಡರು.

ಊಟ ಎಲ್ಲಿ ಎಂದು ಈಗ ಮೇಷ್ಟ್ರೇ ಕೇಳಿದರು, ಮಗಳು ಕೇಳಿದ ರೀತಿಯಲ್ಲೇ. ಹೂವಿನವಳ ಉತ್ತರ ಒಂದು, ಪಕ್ಕದ ಬಾಳೆಹಣ್ಣಿನವನದು ಇನ್ನೊಂದು. ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವು ಬಿಡಬಾರದೆಂದು ಅವನು; ಬಾಳೆ ಎಲೆ ಊಟವಾದರೆ ಗಾಂಧಿ ಚೌಕದ ಆರ್‌ಆರ್‌ಆರ್ ಎಂದು ಅವಳು. ದಾರಿ ಹತ್ತಿರವಾದ್ದರಿಂದ ಹೂವಿನವಳು ಗೆದ್ದಳು. ಆಂಧ್ರದ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬಂದ ನೀರನ್ನು ಖಾರದ ಲೆಕ್ಕಕ್ಕೆ ಹಾಕಲು ಮೇಷ್ಟ್ರಿಗೆ ಅನುಕೂಲವೂ ಆಯಿತು. ಹೊರಗೆ ಬಂದಾಗ ದೊಡ್ಡ ಗಡಿಯಾರ ಎರಡು ತೋರಿಸುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎದ್ದ ಗೋಪುರ ಅದು. ಮುಖದ ಮೇಲೆ ಇರುವುದು ಕನ್ನಡ ಅಂಕಿಗಳು. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸಿನಲ್ಲಿ ಮೈಸೂರುಪಾಕು ಕೊಂಡರು. ಅರಮನೆಯ ಅಡಿಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಮೊದಲು ನೂರು ಗ್ರಾಂ ಕೊಂಡು ಅಂಗಡಿ ಮುಂದೆಯೇ ನಿಂತು ತಿನ್ನಬೇಕು. ಮನೆಗೆ ಕಟ್ಟಿಸುವುದು ಆಮೇಲೆ.

ಪಟ್ಟಿಯಲ್ಲಿ ಮುಂದಿನದು ಮೃಗಾಲಯ. 1892ರಲ್ಲಿ ಶುರುವಾದ, ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಮಂಗಳವಾರ ರಜೆ, ಭಾನುವಾರ ತೆರೆದಿರುತ್ತದೆ ಎಂದು ಮೇಷ್ಟ್ರು ಆಟೋ ಹುಡುಕತೊಡಗಿದರು. ಮಗಳು, ‘ಅಪ್ಪಾ, ನಂಗೆ ಓರಿಯಂಟಲ್ ಲೈಬ್ರರಿ ನೋಡಬೇಕು’ ಎಂದಳು. ಅವಳ ವಿಷಯ ಚರಿತ್ರೆ.

ಅದು ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, 1891ರಲ್ಲಿ ಸ್ಥಾಪನೆಯಾದದ್ದು. ಮೈಸೂರು ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತೈದು ವರ್ಷ ಹಳೆಯದು. ಹೆಸರೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಪೂರ್ಣ ಪ್ರತಿ ತಾಳೆಗರಿಯ ರೂಪದಲ್ಲಿ ಇಲ್ಲಿಗೆ ಬಂತು. ಇಲ್ಲಿನ ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ, ಪರಿಷ್ಕರಿಸಿ 1909ರಲ್ಲಿ ಪ್ರಕಟಿಸಿದರು. ಭಾರತದ ಪ್ರಾಚೀನ ರಾಜ್ಯಾಡಳಿತದ ಬಗ್ಗೆ ಜಗತ್ತು ತಿಳಿದುಕೊಂಡಿದ್ದನ್ನು ಮೈಸೂರಿನ ಒಂದು ಕಟ್ಟಿನ ತಾಳೆಗರಿ ಬದಲಿಸಿತು. ಆ ನೆನಪಿಗೇ ಹತ್ತಿರದ ವೃತ್ತಕ್ಕೆ ಕೌಟಿಲ್ಯನ ಹೆಸರು.

ಹೋಗಿ ನೋಡಿದರೆ ಭಾನುವಾರ, ಬೀಗ. ಮೇಷ್ಟ್ರಿಗೆ ಸಿಟ್ಟು ಬಂತು. ‘ಬೀಗ ನೋಡೋಕೆ ಬಂದಂಗಾಯ್ತು. ಜೂ ಆದ್ರೂ ನೋಡಬಹುದಿತ್ತು. ಅರ್ಧ ದಿನ ಹಾಳು.’

ಮಗಳು ಕಟ್ಟಡದ ಕಂಬಗಳನ್ನು ನೋಡುತ್ತ ಸಾವಕಾಶವಾಗಿ ಹೇಳಿದಳು: ‘ಹಾಳು ಯಾಕಪ್ಪಾ? ನಾಳೆ ಕ್ಲಾಸ್ ಮುಗಿಸ್ಕೊಂಡು ಬರ್ತೀನಿ. ನಾನು ಇಲ್ಲೇ ಇರ್ತೀನಲ್ಲ.’

ಮೇಷ್ಟ್ರು ಮಾತಾಡಲಿಲ್ಲ. ಬೆಳಗಿನಿಂದ ಅವರು ನೋಡುತ್ತಿದ್ದದ್ದು ಸಂಜೆಯೊಳಗೆ ಮುಗಿಸಬೇಕಾದ ಊರು. ಅವಳು ನೋಡುತ್ತಿದ್ದದ್ದು ಮೂರು ವರ್ಷ ಬದುಕಬೇಕಾದ ಊರು. ಪಟ್ಟಿ ಇದ್ದ ಜೇಬಿಗೆ ಅವರು ಮತ್ತೆ ಕೈ ಹಾಕಲಿಲ್ಲ. ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇಬ್ಬರೂ ಒಂದು ತಾಸು ಸುಮ್ಮನೆ ನಡೆದರು. ನೋಡಲೇಬೇಕಾದ್ದು ಏನೂ ಇಲ್ಲದ ಆ ಒಂದು ತಾಸಿನಲ್ಲಿ ಮಗಳು ಹೆಚ್ಚು ಮಾತಾಡಿದಳು: ಇಂಗ್ಲಿಷಿನ ಭಯ, ರೂಮಿನ ಜೊತೆಗಾತಿ ಹೇಗಿರುತ್ತಾಳೋ ಎಂಬ ಅಳುಕು, ಊಟ ಸೇರದಿದ್ದರೆ ಹೇಳುತ್ತೇನೆ ಆದರೆ ಕೂಡಲೇ ಓಡಿಬರಬೇಡ ಎಂಬ ಎಚ್ಚರಿಕೆ.

ಸಂಜೆ ಏಳಕ್ಕೆ ಅರಮನೆಯ ಮುಂದಿದ್ದರು. ಭಾರಿ ಜನ. ಹಳೆಯ ಮರದ ಅರಮನೆ 1897ರ ಬೆಂಕಿಯಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಿ 1912ರಲ್ಲಿ ಮುಗಿದ ಅರಮನೆ ಇದು ಎಂದು ಮೇಷ್ಟ್ರು ಪಾಠ ಶುರುಮಾಡುವಷ್ಟರಲ್ಲಿ ಲಕ್ಷದಷ್ಟು ದೀಪ ಒಟ್ಟಿಗೆ ಹತ್ತಿಕೊಂಡವು. ಜನರೆಲ್ಲ ಒಂದೇ ಬಾಯಲ್ಲಿ ‘ಓ’ ಎಂದರು. ಪ್ರವಾಸದ ಬಸ್ಸು ಈ ಹೊತ್ತಿಗೆ ಯಾವಾಗಲೂ ಬೃಂದಾವನದಲ್ಲಿರುತ್ತಿತ್ತು. ಮೇಷ್ಟ್ರು ಇದನ್ನು ಕಂಡದ್ದೇ ಮೊದಲು. ಬಾಯಿ ತೆರೆದು ನಿಂತರು. ಎಷ್ಟು ಹೊತ್ತೋ. ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ಎಣಿಸಿದರು. ಒಂದು ಇರಬೇಕಾದ ಕಡೆ ಒಂದೂ ಇರಲಿಲ್ಲ.

ಫೋನು ಮಾಡಿದರು, ಗದ್ದಲದಲ್ಲಿ ಎತ್ತಲಿಲ್ಲ. ಎಡಕ್ಕೆ ಓಡಿದರು, ಬಲಕ್ಕೆ ಬಂದರು. ಅಷ್ಟು ಬೆಳಕಿನಲ್ಲೂ ಒಂದು ಮುಖವೂ ಕಾಣಲಿಲ್ಲ. ಕೊನೆಗೆ ಹಿಂದಿನಿಂದ ಯಾರೋ ಭುಜ ತಟ್ಟಿದರು. ಎರಡು ಕೈಯಲ್ಲಿ ಎರಡು ಚುರುಮುರಿ ಪೊಟ್ಟಣ. ‘ಇಷ್ಟು ಹೊತ್ತು ಕ್ಯೂ ಅಪ್ಪಾ. ಯಾಕೆ ಬೆವರ್ತಾ ಇದೀಯ?’

‘ಖಾರ’ ಎಂದರು ಮೇಷ್ಟ್ರು, ಚುರುಮುರಿ ಬಾಯಿಗೆ ಹಾಕುವ ಮೊದಲೇ.

ಮರುದಿನ ಹಾಸ್ಟೆಲಿನ ಗೇಟಿನಲ್ಲಿ ಟ್ರಂಕು ಇಳಿಸಿ, ವಾರ್ಡನ್‌ಗೆ ನಮಸ್ಕಾರ ಹೇಳಿ, ತಿರುಗಿ ನೋಡದೆ ಸ್ಟೇಷನ್ನಿಗೆ ಬಂದರು. ರೈಲು ಹತ್ತಿದಾಗ ಎಣಿಸಲು ಯಾರೂ ಇರಲಿಲ್ಲ. ಮೈಸೂರುಪಾಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೃಷ್ಣರಾಜನಗರದವರೆಗೂ ಕಿಟಕಿಯಾಚೆ ನೋಡುತ್ತ ಕೂತರು.

ಆ ವರ್ಷದ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಮತ್ತೆ ಮೈಸೂರಿಗೇ. ಈ ಸಲ ಪಟ್ಟಿಯಲ್ಲಿದ್ದದ್ದು ಮೂರೇ ಜಾಗ. ಇಷ್ಟು ದುಡ್ಡು ಕೊಟ್ಟು ಮೂರೇನಾ ಎಂದು ಕೆಲವು ತಂದೆತಾಯಿಗಳು ಗೊಣಗಿದರು. ಮೇಷ್ಟ್ರು ಜಗ್ಗಲಿಲ್ಲ. ಮೆಟ್ಟಿಲು ಇಳಿಯುವಾಗ ಮಕ್ಕಳು ಊರನ್ನು ನೋಡಿದರು, ಮಾರುಕಟ್ಟೆಯಲ್ಲಿ ಹೂವಿನವಳ ಹತ್ತಿರ ಮೊಳ, ಮಾರು, ಗೇಣಿನ ಲೆಕ್ಕ ಕಲಿತರು.

ಮೂರನೆಯದು ಅರಮನೆ. ಬಾಗಿಲಲ್ಲಿ ಮೇಷ್ಟ್ರು ಎಂದಿನಂತೆ ಎಣಿಸಲು ನಿಂತಾಗ, ಕಾಲೇಜಿನಿಂದ ನೇರವಾಗಿ ಬಂದ ಮಗಳು ಚೀಲ ಹೆಗಲಿಗೇರಿಸಿಕೊಂಡು ಪಕ್ಕದಲ್ಲಿ ನಿಂತಳು. ನಾಲ್ಕು ತಿಂಗಳಲ್ಲಿ ತೆಳ್ಳಗಾಗಿದ್ದಳು, ಮಾತು ಮಾತ್ರ ದಪ್ಪವಾಗಿತ್ತು.

‘ಒಳಗೆ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನೋಡು ಅಪ್ಪಾ, ಚಾವಣಿ ತುಂಬ ಬಣ್ಣದ ಗಾಜಿನ ನವಿಲು ಇದಾವೆ. ಹೋಗು, ನಿಧಾನಕ್ಕೆ ಬಾ. ಎಷ್ಟು ತಲೆ ಅಂತ ಹೇಳು, ನಾನು ಎಣಿಸ್ತೀನಿ.’

‘ನಲವತ್ತೆಂಟು’ ಎಂದರು ಮೇಷ್ಟ್ರು. ಚಪ್ಪಲಿ ಬಿಟ್ಟು ಒಳಗೆ ಹೋದರು.